ಕುದುರೆ ಕೊಡದ ಗ್ರ್ಯಾಂಡ್‌ಮಾಸ್ಟರ್

ಸೈಬರ್ ಸೆಂಟರ್ ಇಟ್ಟುಕೊಂಡವನು ನಗೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ ಕೂತರೆ ಸಾಕು, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದವನು ನಾನು. ಹೊಸ ಶತಮಾನ ಬಂದ ಮೇಲೆ ಬೂತನ್ನು ಒಂದು ಪಕ್ಕಕ್ಕೆ ಉಳಿಸಿಕೊಂಡು, ಅದೇ ಮಳಿಗೆಗೆ ಪ್ಲೈವುಡ್ ಗೋಡೆ ಹೊಡೆಸಿ ನಾಲ್ಕು ಕಂಪ್ಯೂಟರ್ ಕೂರಿಸಿದೆ. ಮೊದಲ ವಾರವೇ ಗೂಳೂರಿನಿಂದ ಒಬ್ಬ ತಾಯಿ ಮಗಳ ಫೋಟೊವನ್ನು ದುಬೈಗೆ ಕಳಿಸಬೇಕೆಂದು ಬಂದರು. ಸ್ಕ್ಯಾನ್ ಮಾಡಿ ಕಳಿಸಿ, ಫೋಟೊ ವಾಪಸ್ ಕೊಟ್ಟೆ. ಆಕೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಹೋಗೇ ಇಲ್ವಲ್ಲಪ್ಪಾ, ಇಲ್ಲೇ ಅದೆ!" ಎಂದು ಜಗಳಕ್ಕೇ ನಿಂತರು.

ಅಂಥವರು ಬಂದು ಹೋಗುವವರು. ಬಂದು ಕೂತೇಬಿಟ್ಟವರು ನಮ್ಮ ಗ್ರ್ಯಾಂಡ್‌ಮಾಸ್ಟರ್.

ಅವರು ಕುಣಿಗಲ್ಲಿನಲ್ಲಿ ಕುದುರೆ ಪಳಗಿಸುವ ಕೆಲಸದಲ್ಲೇ ಆಯುಷ್ಯ ಕಳೆದ ಸಾಹೇಬರು. ರಿಟೈರ್ ಆದ ಮೇಲೆ ತುಮಕೂರಿಗೆ ಬಂದು ನಮ್ಮ ಬೀದಿಯಲ್ಲಿ ಮನೆ ಮಾಡಿದ್ದರು. ಒಬ್ಬಳೇ ಮಗಳನ್ನು ಗುಬ್ಬಿಗೆ ಕೊಟ್ಟಿದ್ದರು. ಬೀಗರು ಕೊಬ್ಬರಿ ವ್ಯಾಪಾರಿ, ಒಳ್ಳೆಯ ಮನುಷ್ಯ, ಆದರೆ ಚೆಸ್ ಹುಚ್ಚು. ರಂಜಾನ್ ಹಬ್ಬದ ಊಟ ಮುಗಿದ ಕೂಡಲೇ ಬೋರ್ಡ್ ಹರಡುವುದು ಆ ಮನೆಯ ಪದ್ಧತಿ. ಮಗಳ ಮದುವೆಯಾದ ವರ್ಷದಿಂದ ಸಾಹೇಬರು ಅಲ್ಲಿ ಒಂದು ಆಟವನ್ನೂ ಗೆದ್ದಿರಲಿಲ್ಲ. ಸೋಲಾದರೂ ಹೋಗಲಿ ಎನ್ನಬಹುದು. ಆಟ ಮುಗಿದ ಮೇಲೆ ಬೀಗರು ನೆಂಟರೆಲ್ಲರ ಎದುರು ಹೊಟ್ಟೆ ಕುಣಿಸಿಕೊಂಡು, "ನಮ್ ಬೀಗ್ರ ಮಾತನ್ನ ಜೀವ ಇರೋ ಕುದುರೆ ಕೇಳುತ್ತೆ, ಮರದ ಕುದುರೆ ಮಾತ್ರ ಕೇಳಲ್ಲ" ಎನ್ನುತ್ತಿದ್ದರು. ಟೀ ತಟ್ಟೆ ಹಿಡಿದು ಬಂದ ಮಗಳು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದಳು.

ಆ ತಗ್ಗಿದ ತಲೆ ಸಾಹೇಬರನ್ನು ನನ್ನ ಸೆಂಟರಿಗೆ ಕರೆತಂದಿತ್ತು. "ಮಗಳ ಮುಂದೆ ಒಂದ್ಸಲ ಗೆಲ್ಬೇಕು ಕಣಪ್ಪಾ. ಒಂದೇ ಸಲ. ಇಂಟರ್ನೆಟ್ಟಲ್ಲಿ ದೇಶ ವಿದೇಶದವರ ಜೊತೆ ಆಡಿ ಕಲೀಬಹುದಂತೆ. ಕಲಿಸು," ಎಂದರು.

ಬಿರುದು ಬಂದದ್ದು

ಚೆಸ್ ಆಡುವ ಸೈಟಿನಲ್ಲಿ ಮೊದಲು ಒಂದು ಹೆಸರು ಕೊಡಬೇಕು. "ಏನು ಹಾಕಲಿ ಸಾಹೇಬ್ರೇ?" ಎಂದೆ.

"ಎದುರಿಗಿರೋನು ಓದಿದ ತಕ್ಷಣ ನಡುಗ್ಬೇಕು. ಅಂಥದ್ದು ಹಾಕು."

ನಾನು 'ಗ್ರ್ಯಾಂಡ್‌ಮಾಸ್ಟರ್ ಕುಣಿಗಲ್' ಎಂದು ಟೈಪ್ ಮಾಡಿದೆ. ಹೆಸರಿನ ಮಹಿಮೆ ಸಣ್ಣದಲ್ಲ. ಮೊದಲ ದಿನ ಎದುರಿಗೆ ಬಂದವರು ಹೆಸರು ನೋಡಿಯೇ ಆಟ ಬಿಟ್ಟು ಓಡಿಹೋದರು. ಒಂದು ಕಾಯಿಯನ್ನೂ ಮುಟ್ಟದೆ ಗೆದ್ದ ಸಾಹೇಬರು ಬೀದಿಯ ಉದ್ದಕ್ಕೂ ಎದೆ ಉಬ್ಬಿಸಿಕೊಂಡು ಮನೆಗೆ ಹೋದರು.

ಮರುದಿನ ಒಬ್ಬ ಓಡಲಿಲ್ಲ. ನಾನು ಹೇಳಿದ್ದ ಟೀ ಬರುವಷ್ಟರಲ್ಲಿ ಸಾಹೇಬರ ರಾಜ ಮೂಲೆ ಸೇರಿ ಪ್ರಾಣ ಬಿಟ್ಟಿದ್ದ. ಗೆದ್ದವನು ಇಂಗ್ಲಿಷಿನಲ್ಲಿ ಏನೋ ಬರೆದ.

"ಏನಂತೆ?"

"ನೀವು ನಿಜವಾಗ್ಲೂ ಗ್ರ್ಯಾಂಡ್‌ಮಾಸ್ಟರಾ ಅಂತ ಕೇಳ್ತಾ ಇದಾನೆ."

ಸಾಹೇಬರು ಟೀ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ನೆನ್ನೆವರೆಗೂ ಆಗಿದ್ರು, ಇವತ್ತು ರಿಟೈರ್ ಆದ್ರು ಅಂತ ಬರಿ."

ಹಗಲು ದರೋಡೆ

ಸಾಹೇಬರು ಕಲಿತದ್ದು ಕುಣಿಗಲ್ಲಿನ ಲಾಯದ ಕಟ್ಟೆಯ ಮೇಲೆ. ಅಲ್ಲಿಯ ಕಾನೂನೇ ಬೇರೆ. ಸಿಪಾಯಿ ಯಾವಾಗಲೂ ಒಂದೇ ಹೆಜ್ಜೆ ಇಡಬೇಕು. ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ನೆಗೆಯಬಹುದು. ಕಂಪ್ಯೂಟರಿಗೆ ಇದೆಲ್ಲ ಎಲ್ಲಿ ಗೊತ್ತು? ಇವರು ರಾಜನನ್ನು ಎತ್ತಿ ನೆಗೆಸುತ್ತಾರೆ, ಅದು ವಾಪಸ್ ಮನೆಗೆ ಕೂರಿಸುತ್ತದೆ. ಮತ್ತೆ ನೆಗೆಸುತ್ತಾರೆ, ಮತ್ತೆ ಕೂರಿಸುತ್ತದೆ.

"ಲೋ, ನಿನ್ ಮೌಸ್ ಕೆಟ್ಟೋಗಿದೆ ನೋಡು!" ಎಂದು ಕೂಗು ಬಂತು. ಮೌಸ್ ಬದಲಿಸಿದೆ. ಪಕ್ಕದ ಕಂಪ್ಯೂಟರಿಗೆ ಕೂರಿಸಿದೆ. ಅಲ್ಲಿಯೂ ರಾಜ ನೆಗೆಯಲಿಲ್ಲ. ಕೊನೆಗೆ ನಿಯಮ ತಿಳಿಸಿ ಹೇಳಿದೆ. "ಹಾಗಾದ್ರೆ ವಿದೇಶದ ರಾಜರಿಗೆ ಕುದುರೆ ಹತ್ತೋಕೇ ಬರಲ್ಲ ಅನ್ನು," ಎಂದು ಮರುಕಪಟ್ಟರು.

ಅದಕ್ಕಿಂತ ದೊಡ್ಡ ಗಲಾಟೆ ಆದದ್ದು ಇನ್ನೊಂದು ದಿನ. ಮೊದಲ ನಡೆಯಲ್ಲಿ ಎರಡು ಹೆಜ್ಜೆ ಇಡಬಹುದು ಎಂದು ಕಲಿತ ಖುಷಿಯಲ್ಲಿ ಸಾಹೇಬರು ಸಿಪಾಯಿಯನ್ನು ಎರಡು ಮನೆ ಓಡಿಸಿದರು. ಪಕ್ಕದಲ್ಲಿ ನಿಂತಿದ್ದ ಎದುರಾಳಿಯ ಸಿಪಾಯಿ ಓರೆಯಾಗಿ ಖಾಲಿ ಮನೆಗೆ ಹೋಯಿತು, ಇವರ ಸಿಪಾಯಿ ಮಾಯವಾಯಿತು. ಅಂಥದೊಂದು ನಿಯಮ ಇರುವುದು ನಿಜ. ಆದರೆ ಸಾಹೇಬರು ಆಗಲೇ ಎದ್ದು ನಿಂತಿದ್ದರು.

"ನೋಡ್ದಾ? ಆ ಮನೆಗೆ ಬರ್ಲೇ ಇಲ್ಲ, ಹೊಡ್ಕೊಂಡು ಹೋದ! ಹಗಲು ದರೋಡೆ ಕಣೋ ಇದು! ಯಾವೂರೋನು ಇವನು?"

ನೋಡಿದರೆ ಫಿನ್ಲೆಂಡ್ ಎಂದು ಇತ್ತು. ಸಾಹೇಬರು ಗೋಡೆಯ ಆಚೆಗಿದ್ದ ನನ್ನ ಎಸ್‌ಟಿಡಿ ಬೂತಿನ ಕಡೆ ನೋಡಿ, "ಅಲ್ಲಿನ ಪೊಲೀಸ್ ಸ್ಟೇಷನ್ ನಂಬರ್ ಸಿಗುತ್ತಾ?" ಎಂದರು.

ಸುಧಾರಣೆ ಬೇಕಾದ ಜಾಗ

ಕೋರದಿಂದ ಒಬ್ಬ ರಿಟೈರ್ಡ್ ಲೆಕ್ಕದ ಮೇಷ್ಟ್ರು ದಿನಾ ಪೇಪರ್ ಓದಲು ನನ್ನ ಸೆಂಟರಿಗೆ ಬರುತ್ತಿದ್ದರು. ಓದುವುದು ಪೇಪರಾದರೂ ಕಣ್ಣು ಸಾಹೇಬರ ಸ್ಕ್ರೀನಿನ ಮೇಲೆ. ಒಂದು ವಾರ ನೋಡಿ, ತಡೆಯಲಾರದೆ, ಅವರೇ ಕೋಚ್ ಆಗಿ ನೇಮಕಗೊಂಡರು.

"ನೋಡಿ ಸಾಹೇಬ್ರೇ, ನಿಮ್ಮ ಓಪನಿಂಗ್ ಪರವಾಗಿಲ್ಲ. ಒಂಟೆ ಚೆನ್ನಾಗಿ ಆಡ್ತೀರಿ. ಆನೇನೂ ಸರಿಯಾಗಿ ತರ್ತೀರಿ. ಆದ್ರೆ ಯಾರಾದ್ರೂ ನಿಮ್ಮ ಕುದುರೆ ಕಡೆ ಕಣ್ಣು ಹಾಕಿದ್ರೆ ಮಂತ್ರೀನೇ ಅಡ್ಡ ತಂದು ಬಲಿ ಕೊಡ್ತೀರಲ್ಲ, ಯಾಕೆ?"

"ಮಂತ್ರಿ ಮನುಷ್ಯ. ತಪ್ಪಿಸ್ಕೊಳ್ಳೋ ಬುದ್ಧಿ ಇರ್ಬೇಕು. ಕುದುರೆ ಮೂಕಪ್ರಾಣಿ."

"ಸರಿ, ನಿಮ್ಮ ಕುದುರೆ ಉಳಿಸ್ಕೊಳ್ಳಿ. ಅವನ ಕುದುರೆ ಸುಮ್ನೆ ಸಿಕ್ತಿತ್ತು, ಅದನ್ನ ಯಾಕೆ ಹೊಡೀಲಿಲ್ಲ?"

"ಸವಾರ ದಡ್ಡ ಆದ್ರೆ ಕುದುರೆಗೆ ಯಾಕೆ ಮೇಷ್ಟ್ರೇ ಶಿಕ್ಷೆ?"

ಹೀಗಾಗಿ ಸಾಹೇಬರ ಆಟದಲ್ಲಿ ಕೊನೆಗೆ ಬೋರ್ಡಿನ ಮೇಲೆ ಉಳಿಯುತ್ತಿದ್ದದ್ದು ಇಬ್ಬರು ರಾಜರು ಮತ್ತು ಹಾಯಾಗಿ ಮೇಯುತ್ತಿದ್ದ ನಾಲ್ಕು ಕುದುರೆಗಳು. ಅದು ಸಾಲದೆಂದು, ಒಂದೇ ಕುದುರೆಯನ್ನು ಸತತವಾಗಿ ನಡೆಸುವಂತೆಯೂ ಇರಲಿಲ್ಲ. ಒಂದು ದಿನ ಮೇಷ್ಟ್ರು, "ಈಗ ಅದೇ ಕುದುರೆ ಮತ್ತೆ ಮುಂದಕ್ಕೆ ಹಾಕಿ, ಗೆದ್ರಿ!" ಎಂದು ಕುಣಿದಾಡಿದರು. ಸಾಹೇಬರು ಆನೆಯನ್ನು ಸರಿಸಿದರು, ಸೋತರು. ಮೇಷ್ಟ್ರು ಹಣೆ ಚಚ್ಚಿಕೊಂಡು ಕಾರಣ ಕೇಳಿದರೆ, "ಅದು ಆಗ್ಲಿಂದ ಓಡ್ತಾನೇ ಇದೆ ಮೇಷ್ಟ್ರೇ, ಬೆವರು ಆರ್ಬೇಕಲ್ಲ?" ಎಂದರು.

ಸಂಕ್ಷಿಪ್ತ ಭಾಷಾಂತರ

ಈ ವಿಚಿತ್ರ ಶೈಲಿ ವಿದೇಶದವರ ಕಣ್ಣಿಗೂ ಬಿತ್ತು. ಒಬ್ಬ ಆಟದ ನಡುವೆ ಬರೆದ: ನಿಮಗೆ ಕುದುರೆ ಅಂದ್ರೆ ಇಷ್ಟವೇ?

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಸಾಹೇಬರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು, "ಬರ್ಕೋ" ಎಂದು ಶುರು ಮಾಡಿದರು. ಮರಿ ಹುಟ್ಟಿದ ದಿನ ಅದನ್ನು ಹೇಗೆ ನಿಲ್ಲಿಸಬೇಕು, ಲಾಳ ಹೊಡೆಯುವಾಗ ಕಿವಿಯಲ್ಲಿ ಏನು ಮಾತಾಡಬೇಕು, ಮುನಿಸಿಕೊಂಡ ಹೆಣ್ಣುಕುದುರೆಯನ್ನು ಹೇಗೆ ಒಲಿಸಬೇಕು, ಯಾವ ಕುದುರೆ ತಮ್ಮ ಕೈ ಬಿಟ್ಟು ಬೇರೆಯವರ ಕೈಯಿಂದ ಬೆಲ್ಲ ತಿನ್ನುತ್ತಿರಲಿಲ್ಲ, ಅದನ್ನು ಬೇರೆ ಊರಿಗೆ ಕಳಿಸಿದ ದಿನ ತಮ್ಮ ಮನೆಯಲ್ಲಿ ಹೇಗೆ ಒಲೆ ಹಚ್ಚಲಿಲ್ಲ, ಎಲ್ಲವನ್ನೂ ಹೇಳಿದರು. ಕೇಳುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಕಣ್ಣು ಮಂಜಾಯಿತು.

ಆದರೆ ನನ್ನ ಇಂಗ್ಲಿಷು ಲಾಳದ ಹತ್ತಿರವೇ ಕುಂಟಿ ಬಿದ್ದಿತ್ತು. ಕೀಬೋರ್ಡ್ ಒತ್ತಿ ಒಂದು ಪದ ಕಳಿಸಿದೆ.

"ಏನಂತ ಬರ್ದೆ?"

"ಎಸ್ ಅಂತ."

ಸಾಹೇಬರು ನನ್ನನ್ನೇ ನೋಡಿದರು. ಅಷ್ಟರಲ್ಲಿ ಟೈಮ್ ಮುಗಿದು ಆಟ ಸೋತಾಗಿತ್ತು. ಅದರ ಕಡೆ ತಿರುಗಿಯೂ ನೋಡದೆ ಮೇಷ್ಟ್ರಿಗೆ ಹೇಳಿದರು: "ಇಂಗ್ಲಿಷ್‌ನೋರು ಹ್ಯಾಗೆ ಇಷ್ಟು ಬೇಗ ಮುಂದೆ ಬಂದ್ರು ಅಂತ ಈಗ ಗೊತ್ತಾಯ್ತು ಬುಡಿ."

ಕೆಇಬಿ ಕೃಪೆ

ರಂಜಾನ್ ಹತ್ತಿರ ಬಂತು. ಮೇಷ್ಟ್ರು ನಿಷ್ಠುರವಾಗಿ ಹೇಳಿದರು: "ನಿಮ್ಮ ಬೀಗ್ರಿಗೆ ನಿಮ್ಮ ಗುಟ್ಟು ಗೊತ್ತು. ಕುದುರೆಗೆ ಗುರಿ ಇಡ್ತಾರೆ, ನೀವು ಮಂತ್ರಿ ಕೊಡ್ತೀರಿ. ಒಂದ್ಸಲ, ಒಂದೇ ಒಂದ್ಸಲ ಕುದುರೆ ಕೊಟ್ಟು ನೋಡಿ. ಮಗಳ ಮುಂದೆ ಗೆಲ್ಬೇಕೋ ಬೇಡ್ವೋ?"

ಮಗಳ ಹೆಸರು ಬಂದ ಮೇಲೆ ಸಾಹೇಬರು ಮೆತ್ತಗಾದರು. ಪ್ರ್ಯಾಕ್ಟೀಸ್ ಶುರುವಾಯಿತು. ಕುದುರೆಯ ಮೇಲೆ ಮೌಸ್ ಇಡುತ್ತಿದ್ದರು, ಬೆರಳು ಒತ್ತುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಕಣ್ಣು ಮುಚ್ಚಿ, ಏನೋ ಗೊಣಗಿ, ಕುದುರೆಯನ್ನು ಎಳೆದೇಬಿಟ್ಟರು. ಇನ್ನೇನು ಬೆರಳು ಬಿಡಬೇಕು, ಕರೆಂಟ್ ಹೋಯಿತು. ಇಡೀ ಬೀದಿ ಕತ್ತಲು, ಕಂಪ್ಯೂಟರು ಕತ್ತಲು.

ನಮ್ಮೂರಿನಲ್ಲಿ ಕರೆಂಟ್ ಹೋದದ್ದಕ್ಕೆ ಕೈಮುಗಿದವರನ್ನು ನಾನು ಅವತ್ತೊಂದೇ ದಿನ ನೋಡಿದ್ದು.

ಗುಬ್ಬಿಯ ಆಟ

ಹಬ್ಬಕ್ಕೆ ನನ್ನನ್ನೂ ಮೇಷ್ಟ್ರನ್ನೂ ಸಾಹೇಬರು ಗುಬ್ಬಿಗೆ ಕರೆದುಕೊಂಡು ಹೋದರು. ಆ ಮನೆಯ ಮಾತು ಉರ್ದು. ಆದರೆ ನಾವಿದ್ದೇವೆಂದು ಅವತ್ತು ಎಲ್ಲರೂ ಕನ್ನಡವನ್ನೇ ಆಡಿದರು. ಬಿರಿಯಾನಿ ಆಯಿತು, ಶೀರ್ ಕುರ್ಮಾ ಆಯಿತು. ನೆಂಟರೆಲ್ಲ ಮಂಚದ ಸುತ್ತ ಸೇರಿದರು. ಬೀಗರು ಬೋರ್ಡ್ ಹರಡಿ, "ಬನ್ನಿ ಬೀಗ್ರೇ, ಇಂಟರ್ನೆಟ್ ಆಟ ತೋರ್ಸಿ," ಎಂದು ನಕ್ಕರು. ಮಗಳು ಬಾಗಿಲ ಪರದೆ ಹಿಡಿದು ನಿಂತಳು.

ಅವತ್ತು ಸಾಹೇಬರ ಆಟವೇ ಬೇರೆ. ಫಿನ್ಲೆಂಡಿನವನ ದರೋಡೆ, ಅವರಿವರ ಹೊಡೆತ, ಎಲ್ಲವೂ ಮೈಗೆ ಹತ್ತಿತ್ತು. ಬೀಗರ ರಾಜ ಮೂಲೆಗೆ ಸೇರಿದ. ಮೇಷ್ಟ್ರು ನನ್ನ ತೊಡೆ ಚಿವುಟಿದರು. ನನಗೂ ಕಂಡಿತು: ಸಾಹೇಬರು ಕುದುರೆಯನ್ನು ಬೀಗರ ಸಿಪಾಯಿಯ ಬಾಯಿಗೆ ಇಡಬೇಕು. ಸಿಪಾಯಿ ಹೊಡೆದರೆ ಅದು ಪಕ್ಕಕ್ಕೆ ಸರಿದು ದಾರಿ ತೆರೆಯುತ್ತದೆ, ಆನೆ ನುಗ್ಗುತ್ತದೆ, ಚೆಕ್‌ಮೇಟ್. ಗೆಲ್ಲಲು ಬೇರೆ ದಾರಿ ಇಲ್ಲ.

ಸಾಹೇಬರಿಗೂ ಕಂಡಿತ್ತು. ಕುದುರೆಯನ್ನು ಎತ್ತಿದರು. ಅದರ ಕುತ್ತಿಗೆ ಸವರಿದರು. ಒಂದು ಸಲ ಮಗಳ ಕಡೆ ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಕುದುರೆಯನ್ನು ಸಿಪಾಯಿಯ ಬಾಯಿಗೆ ಇಟ್ಟೇಬಿಟ್ಟರು.

ಬೀಗರು ಬೋರ್ಡ್ ನೋಡಿದರು. ಸಾಹೇಬರ ಮುಖ ನೋಡಿದರು. ಅವರ ನಗು ಇಳಿಯಿತು. ಕುದುರೆಯನ್ನು ಮೆಲ್ಲಗೆ ಎತ್ತಿ ಹಳೆಯ ಮನೆಯಲ್ಲೇ ಇಟ್ಟು, "ಕೈ ತಪ್ಪಿತು ಬೀಗ್ರೇ, ಬೇರೆ ಆಡಿ," ಎಂದರು.

"ಇಲ್ಲ, ಕೈ ತಪ್ಪಿಲ್ಲ. ಹೊಡೀರಿ."

"ನಿಮ್ಮ ಕುದುರೆ ನಾನು ಹೊಡೀತೀನಾ? ತಮಾಷೆಗೆ ಹೆದರಿಸ್ತಿದ್ದೆ ಅಷ್ಟೆ."

"ಹೊಡೀರಿ ಅಂದೆ!"

"ಹೊಡಿಯಲ್ಲ ಅಂದೆ!"

"ಕೈ ಮುಗೀತೀನಿ, ನನ್ ಕುದುರೆ ಹೊಡ್ಕೊಳ್ಳಿ!"

ಬೀಗರು ಗಾಬರಿಯಾಗಿ ಎದ್ದು ನಿಂತರು. "ಇವರಿಗೆ ಏನೋ ಆಗಿದೆ! ಮೈ ಹುಷಾರಿಲ್ಲ! ಯಾರಾದ್ರೂ ಡಾಕ್ಟ್ರನ್ನ ಕರೀರಿ!"

ಮಗಳು ಪರದೆ ಬಿಟ್ಟು ಓಡಿಬಂದಳು. "ಅಬ್ಬಾಜಾನ್ ಕುದುರೆ ಕೊಟ್ಬಿಟ್ರಾ? ಅಯ್ಯೋ, ಎದೆ ನೋವಾ ಅಬ್ಬಾ?" ಎಂದು ಅಳುತ್ತಲೇ ಅವರನ್ನು ಮಂಚದ ಮೇಲೆ ಒರಗಿಸಿದಳು. ಬೋರ್ಡ್ ಮಗುಚಿ ಕಾಯಿಗಳೆಲ್ಲ ಮಂಚದ ಕೆಳಗೆ ಉರುಳಿದವು. ಒಬ್ಬರು ಕಾಲು ತಿಕ್ಕಿದರು, ಒಬ್ಬರು ಬೀಸಣಿಗೆ ಬೀಸಿದರು. "ಆನೆ ಬಂದ್ರೆ ಮುಗೀತಿತ್ತು! ಆನೆ ಇತ್ತು!" ಎಂದು ಸಾಹೇಬರು ಕೂಗುತ್ತಿದ್ದರು. "ಪಾಪ, ಬಡಬಡಿಸ್ತಾ ಇದಾರೆ," ಎಂದು ಹಣೆಗೆ ಒದ್ದೆ ಬಟ್ಟೆ ಹಾಕಿದರು. ನಾನೂ ಮೇಷ್ಟ್ರೂ ಆನೆಯ ವಿಷಯ ನಿಜ ಎಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಡಾಕ್ಟರ್ ಬಂದು ಬಿಪಿ ನೋಡಿ, ಗಂಜಿ ಕೊಡಿ ಎಂದು ಹೇಳಿ, ತಾವು ಮಾತ್ರ ಬಿರಿಯಾನಿ ತಿಂದು ಹೋದರು.

ಸಂಜೆ ಗಲಾಟೆ ಅಡಗಿದ ಮೇಲೆ ಬೀಗರು ಒಬ್ಬರೇ ಮೂಲೆಯಲ್ಲಿ ಕೂತು ಕಾಯಿಗಳನ್ನು ಜೋಡಿಸುತ್ತಿದ್ದರು. ಚೆಸ್ ಹುಚ್ಚಿನವರಿಗೆ ಯಾವ ಕಾಯಿ ಎಲ್ಲಿತ್ತು ಎಂಬುದು ಮರೆಯುವುದಿಲ್ಲ. ತಮ್ಮ ಸಿಪಾಯಿಯಿಂದ ಕುದುರೆಯನ್ನು ಹೊಡೆದು ನೋಡಿದರು. ಆಮೇಲೆ ಸಾಹೇಬರ ಆನೆಯ ಕಡೆ ನೋಡಿದರು. ಬೋರ್ಡನ್ನು ಹಾಗೇ ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಮಂಚದ ಮೇಲಿಟ್ಟು, ಎಲ್ಲರನ್ನೂ ಕರೆದು, ತಮ್ಮ ರಾಜನನ್ನು ತಾವೇ ಅಡ್ಡ ಮಲಗಿಸಿದರು.

"ನಿಮಗೇನೂ ಆಗಿಲ್ಲ ಬೀಗ್ರೇ. ಆಗಿದ್ದು ನನಗೆ. ನೀವು ಗೆದ್ರಿ," ಎಂದರು.

ಮಗಳು ಗಂಜಿ ಬಟ್ಟಲು ಹಿಡಿದು ನಿಂತಿದ್ದಳು, ತಲೆ ಎತ್ತಿಕೊಂಡು, ಮುಖದ ತುಂಬ ನಗು. ಅದನ್ನು ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಇಷ್ಟು ವರ್ಷದ ಮೇಲೆ ಗೆದ್ದವರು ಏನು ಹೇಳುತ್ತಾರೋ ಎಂದು ನೆಂಟರೆಲ್ಲ ಕಾದರು. ಸಾಹೇಬರು ಎದ್ದು ಕೂತರು. ಹಣೆಯ ಬಟ್ಟೆ ಜಾರಿ ಬಿತ್ತು. ಬಿದ್ದಿದ್ದ ರಾಜನನ್ನು ಅವರು ನೋಡಲೇ ಇಲ್ಲ. ಬೀಗರ ಕಡೆ ಅಂಗೈ ಚಾಚಿದರು.

"ಅದೆಲ್ಲ ಇರ್ಲಿ. ಮೊದ್ಲು ನನ್ ಕುದುರೆ ವಾಪಸ್ ಕೊಡಿ."