ಮೂರನೆಯ ರಿಚರ್ಡನಿಗೆ ಮೂರು ಕೋಟು ಟೀ

ನನ್ನ ಕೈಯಲ್ಲಿ ಕಲೆ ಇದೆ ಎಂಬುದು ನನಗೆ ಅರವತ್ತೆರಡು ವರ್ಷಗಳಿಂದ ಗೊತ್ತು. ಊರಿಗೆ ಗೊತ್ತಿರಲಿಲ್ಲ, ಅಷ್ಟೆ. ಆ ಕೊರತೆ ನೀಗಿಸಲು ಕಳೆದ ವಸಂತದಲ್ಲಿ ಭೀಷ್ಮ ಪ್ರತಿಜ್ಞೆಯನ್ನೇ ಮಾಡಿದೆ: ಮೂರನೆಯ ರಿಚರ್ಡ್ ದೊರೆಯ ಪ್ರಸಿದ್ಧ ಭಾವಚಿತ್ರವನ್ನು, ಕಿರುಬೆರಳಿನ ಉಂಗುರದ ಸಮೇತ, ಸ್ವಂತ ಕೈಯಿಂದ ನಕಲು ಬರೆದು ನಮ್ಮ ಥಾರ್ನ್‌ಬೆಕ್ ಸಭಾಭವನದ ಗೋಡೆಗೇರಿಸುತ್ತೇನೆ!

ನಮ್ಮದು ಯಾರ್ಕ್‌ಷೈರ್, ರಿಚರ್ಡ್ ನಮ್ಮ ಕಡೆಯವನು. ಲಂಡನ್ನಿನವರು ರಿಚರ್ಡನನ್ನು ಅಣ್ಣನ ಮಕ್ಕಳನ್ನು ಕೊಂದ ಪಾಪಿ ಅಂದುಕೊಳ್ಳಲಿ. ನಮ್ಮ ಪಬ್ಬಿನಲ್ಲಿ ಹಾಗೆ ಅಂದವನಿಗೆ ಬಿಯರ್ ತಡವಾಗಿ ಬರುತ್ತದೆ.

ಇತಿಹಾಸ ಸಂಘದ ಕಾರ್ಯದರ್ಶಿ ಮಿಸೆಸ್ ಕ್ರ್ಯಾಗ್ ಮಾತ್ರ ಮೂಗು ಮುರಿದರು.

"ಅಂಗಡೀಲಿ ಅಚ್ಚು ಹಾಕಿದ್ದು ಸಿಗತ್ತಲ್ಲ, ಮಿಸ್ಟರ್ ಬರ್ಟ್‌ವಿಸಲ್. ನೀವ್ಯಾಕೆ ಕಷ್ಟಪಡ್ತೀರಿ?"

"ಅಚ್ಚು ಹಾಕಿದ್ರಲ್ಲಿ ಜೀವ ಇರಲ್ಲ, ಮೇಡಂ."

"ಸರಿ, ಬರೀರಿ. ಆಗಸ್ಟ್ ತಿಂಗಳ ಟೀ ಕೂಟಕ್ಕೆ ತನ್ನಿ. ಕಮಿಟಿ ಒಪ್ಪಿದ್ರೆ ಗೋಡೆಗೆ, ಇಲ್ದಿದ್ರೆ ನಿಮ್ಮನೆಗೆ."

ನಾಲ್ಕು ತಿಂಗಳು ನಮ್ಮ ಊಟದ ಮೇಜು ದೊರೆಯ ವಶವಾಯಿತು. ಭಾನುವಾರದ ಹುರಿದ ಮಾಂಸ, ಆಲೂಗಡ್ಡೆಗಳನ್ನು ನಾನೂ ನನ್ನ ಹೆಂಡತಿ ಗ್ವೆಂಡಾಳೂ ತೊಡೆಯ ಮೇಲಿಟ್ಟುಕೊಂಡು ತಿಂದೆವು.

"ನಿನ್ನ ದೊರೆ ಯಾವಾಗ ಏಳ್ತಾನೆ, ರೋಲಂಡ್? ನಂಗೆ ಮೇಜು ಬೇಕು."

"ಸಿಂಹಾಸನದಿಂದ ಯಾರನ್ನಾದ್ರೂ ಹಾಗೆಲ್ಲ ಎಬ್ಬಿಸಕ್ಕಾಗತ್ತಾ?"

"ಇವನನ್ನ ಒಂದ್ಸಲ ಯುದ್ಧದಲ್ಲಿ ಕೊಂದು ಎಬ್ಬಿಸಿದ್ರಲ್ಲ."

ಅವಳು ಏನೇ ಅನ್ನಲಿ, ಚಿತ್ರ ಅದ್ಭುತವಾಗಿ ಬಂತು. ಆ ಕಪ್ಪು ಟೋಪಿ, ಆ ಚಿಂತೆಯ ಕಣ್ಣು! ಗ್ವೆಂಡಾಳಿಗೂ ಪೂರಾ ಎರಡು ನಿಮಿಷ ತಪ್ಪು ಸಿಗಲಿಲ್ಲ. ಇದ್ದದ್ದು ಒಂದೇ ದೋಷ. ಐನೂರು ವರ್ಷ ಹಿಂದಿನ ದೊರೆ ನಿನ್ನೆ ಕ್ಷೌರ ಮಾಡಿಸಿಕೊಂಡವನಂತೆ ಫಳಫಳ ಹೊಳೆಯುತ್ತಿದ್ದ.

ಇದಕ್ಕೆ ಮದ್ದು ನಮ್ಮ ದೇಶದ ಮಕ್ಕಳಿಗೂ ಗೊತ್ತು. ಶಾಲೆಯಲ್ಲಿ ನಿಧಿಯ ನಕ್ಷೆ ಬರೆದು, ಅದಕ್ಕೆ ಟೀ ಬಳಿದು ಹಳೆಯದು ಮಾಡದ ಮಗುವೇ ಇಲ್ಲ. ನಾನೂ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಾ ಸ್ಟ್ರಾಂಗಾಗಿ ಒಂದು ಪಾತ್ರೆ ಟೀ ಮಾಡಿದೆ. ಒಂದು ಕೋಟು ಬಳಿದೆ, ಒಣಗಿಸಿದೆ. ಎರಡು. ಮೂರು. ದೊರೆಯ ಮುಖಕ್ಕೆ ಶತಮಾನಗಳ ಕಳೆ ಬಂತು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿತು.

ಟೀ ಕೂಟ ನಡೆದದ್ದು ಪಾದ್ರಿಗಳ ಮನೆಯ ತೋಟದಲ್ಲಿ. ಮೇಜುಗಳ ಮೇಲೆ ಸ್ಕೋನು ಎಂಬ ಪುಟ್ಟ ಬನ್ನುಗಳು, ಕೆನೆ, ಜಾಮು. ಆಚೆ ಬೇಲಿಯ ಪಕ್ಕ ಬಿಸಿಲಿನಲ್ಲಿ, ಬಟ್ಟೆ ಹೊದ್ದ ನನ್ನ ದೊರೆ. ಮಿಸೆಸ್ ಕ್ರ್ಯಾಗ್ ಬಟ್ಟೆ ಸರಿಸಿದರು. ಅರವತ್ತು ಜನ ಕತ್ತು ಚಾಚಿದರು. ನಾನು ಎದೆಯುಬ್ಬಿಸಿ ನಿಂತೆ.

"ಎಷ್ಟು ಹಳೇದಾಗಿ ಕಾಣತ್ತೆ," ಎಂದರು ಯಾರೋ.

"ವಾಸನೇನೂ ಹಳೇದೇ," ಎಂದರು ಪಾದ್ರಿಗಳು, ಮೂಗಿಗೆ ಕರವಸ್ತ್ರ ಹಿಡಿದು.

ಆಗ ಒಂದು ಕಣಜದ ಹುಳ ಬಂದು ದೊರೆಯ ಮೂಗಿನ ಮೇಲೆ ಕೂತಿತು. ಹಿಂದೆಯೇ ನಾಲ್ಕು ಬಂದವು. ಆಮೇಲೆ ನಲವತ್ತು. ಐದು ನಿಮಿಷದಲ್ಲಿ ದೊರೆಗೆ ದಟ್ಟ ಗಡ್ಡ ಬೆಳೆದಿತ್ತು, ಆ ಗಡ್ಡ ಗುಂಯ್‌ಗುಡುತ್ತಿತ್ತು.

ಗ್ವೆಂಡಾ ನನ್ನ ತೋಳು ಹಿಡಿದಳು. "ಆ ಟೀನ ಹೇಗೆ ಮಾಡ್ದೆ?"

"ಎಲ್ರೂ ಮಾಡೋ ಹಾಗೆ."

"ಅಂದ್ರೆ?"

"ಹಾಲು ಹಾಕ್ದೆ. ಕಪ್ಪಿಗೆ ಎರಡೆರಡು ಚಮಚ ಸಕ್ಕರೆ."

"ದೊರೆಗೆ ಹಾಲು ಸಕ್ಕರೆ ಹಾಕಿ ಬಳಿದ್ಯಾ, ಮಹಾರಾಯ?"

ಏನು ಮಾಡಲಿ? ನಮ್ಮಲ್ಲಿ ಹಾಲಿಲ್ಲದ ಟೀಯನ್ನು ಕಾಯಿಲೆಯವರಿಗೂ ಪರದೇಶದವರಿಗೂ ಮಾತ್ರ ಕೊಡುತ್ತೇವೆ. ಕೆಟಲು ಕುದಿಯಿತೆಂದರೆ ಕೈ ತಾನಾಗಿ ಹಾಲಿನ ಬಾಟಲಿಗೆ ಹೋಗುತ್ತದೆ. ನಾಲ್ಕು ತಿಂಗಳ ಕಲೆ ಹುಳಗಳ ಪಾಲಾಯಿತಲ್ಲ! ಚಿತ್ರವನ್ನು ಹೊತ್ತು ಮನೆಗೆ ಓಡೋಣವೆಂದರೆ ಮುಟ್ಟುವುದು ಹೇಗೆ?

ಅಷ್ಟರಲ್ಲಿ ಮಿಸೆಸ್ ಕ್ರ್ಯಾಗ್ ಇಡೀ ಕಮಿಟಿಯನ್ನೇ ಕಟ್ಟಿಕೊಂಡು ಬಂದರು.

"ಕ್ಷಮಿಸಿ, ಈಗಲೇ ತೆಗೆದುಬಿಡ್ತೀನಿ," ಎಂದೆ.

"ಖಬರ್‌ದಾರ್, ಮುಟ್ಬೇಡಿ. ಆ ಕಡೆ ನೋಡಿ."

ನೋಡಿದೆ. ಮೇಜಿನ ಸುತ್ತ ಜನ ಆರಾಮಾಗಿ ಜಾಮು ಮೆತ್ತಿದ ಸ್ಕೋನು ತಿನ್ನುತ್ತಿದ್ದರು. ಯಾರೂ ಕೈ ಬೀಸುತ್ತಿರಲಿಲ್ಲ. ಒಂದೇ ಒಂದು ಹುಳವೂ ಆ ಕಡೆ ಇರಲಿಲ್ಲ. ಥಾರ್ನ್‌ಬೆಕ್‌ನಲ್ಲಿ ಆಗಸ್ಟ್ ಎಂದರೆ ಜಾಮಿಗೆ ಕಣಜ ಮುತ್ತುವ ತಿಂಗಳು; ಹೀಗಾದದ್ದು ಯಾರ ನೆನಪಿನಲ್ಲೂ ಇಲ್ಲ.

"ಕಮಿಟಿ ಒಮ್ಮತದಿಂದ ಒಪ್ಪಿದೆ, ಮಿಸ್ಟರ್ ಬರ್ಟ್‌ವಿಸಲ್," ಎಂದರು ಅವರು.

ನಾನು ಟೈ ಸರಿಮಾಡಿಕೊಂಡೆ. "ಗೋಡೆಗೆ?"

"ಗೋಡೆಗಲ್ಲ. ಬೇಲಿಗೆ."

ಸಭಾಭವನದ ಗೋಡೆಯಲ್ಲಿ ಈಗ ಅಂಗಡಿಯ ಅಚ್ಚಿನ ಚಿತ್ರವಿದೆ. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನನ್ನ ದೊರೆಗೋ ಪುರಸೊತ್ತಿಲ್ಲ. ಸುತ್ತಲ ಊರುಗಳ ಟೀ ಕೂಟ, ಮದುವೆ, ಕ್ರಿಕೆಟ್ ಪಂದ್ಯ ಎಲ್ಲಕ್ಕೂ ಆಹ್ವಾನ. ಬದುಕಿರುವ ಯಾವ ಚಿತ್ರಕಾರನಿಗೆ ಇಷ್ಟು ಬೇಡಿಕೆ ಇದೆ ಹೇಳಿ? ಮೊನ್ನೆ ಬಂದ ಪತ್ರವನ್ನು ಒಡೆದು, ಗಟ್ಟಿಯಾಗಿ ಓದು ಎಂದು ಗ್ವೆಂಡಾಳ ಕೈಗೆ ಕೊಟ್ಟೆ. ಅವಳು ಓದಿದಳು:

"ದೊರೆಯನ್ನು ಶನಿವಾರ ಎರಡು ಗಂಟೆಗೆ ತಲುಪಿಸಿ. ಹೊಸದಾಗಿ ಒಂದು ಕೋಟು ಬಳಿದಿರಲಿ. ಚಿತ್ರಕಾರರು ಬರಬೇಕಾಗಿಲ್ಲ, ನಮ್ಮಲ್ಲಿ ಕುರ್ಚಿಗಳು ಕಡಿಮೆ."