ಉದ್ದಣ್ಣನ ಮೇಷ್ಟ್ರು

‘ಮೇಷ್ಟ್ರೇ’ ಎಂದು ಯಾರಾದರೂ ಕರೆದರೆ ಬೆಣ್ಣೆಯಂತೆ ಕರಗಿಹೋಗುವ ಗುಣವೇ, ಪರದೇಶಕ್ಕೆ ಓದಲು ಬಂದಿದ್ದ ನಮ್ಮ ಕಥಾನಾಯಕರಿಗೆ ಮುಳುವಾಯಿತು.

ಹಾಗೆ ಕರೆಯುತ್ತಿದ್ದವನು ಕೋಣೆಯ ಜೊತೆಗಾರ. ದೇಶದೇಶದ ವಿದ್ಯಾರ್ಥಿಗಳು ತುಂಬಿದ್ದ ಆ ಹಾಸ್ಟೆಲಿನಲ್ಲಿ ಬಾಗಿಲಿಗೆ ತಲೆ ತಗಲಿಸಿಕೊಳ್ಳುತ್ತಿದ್ದವನು ಅವನೊಬ್ಬನೇ, ಅದಕ್ಕೇ ಉದ್ದಣ್ಣ. ಅವನೂ ಪರದೇಶಿಯೇ, ಆದರೆ ಇಲ್ಲಿನ ಭಾಷೆ ಕಲಿತೇ ಬಂದಿದ್ದ. ಇಬ್ಬರಿಗೂ ಒಪ್ಪಂದವಾಗಿತ್ತು: ಸಂಜೆ ಮೊದಲು ಕನ್ನಡ ಪಾಠ, ಆಮೇಲೆ ಇಲ್ಲಿನ ಭಾಷೆಯ ಪಾಠ. ನಮ್ಮ ಮೇಷ್ಟ್ರೋ ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ. ಅತ್ತೆ, ಅತ್ತಿಗೆ, ನಾದಿನಿಯರ ವ್ಯತ್ಯಾಸ ವಿವರಿಸಿ, ಅವರ ಜಗಳಗಳನ್ನೂ ವರ್ಣಿಸಿ ಮುಗಿಸುವಷ್ಟರಲ್ಲಿ ಉದ್ದಣ್ಣ ಆಕಳಿಸುತ್ತಿದ್ದ.

“ನಿನ್ನ ಪಾಠ ನಾಳೆ ನೋಡೋಣ ಬಿಡು,” ಎನ್ನುತ್ತಿದ್ದರು ಮೇಷ್ಟ್ರು. ಒಂದು ವರ್ಷ ಹೀಗೇ ನಾಳೆಗೆ ಹೋಯಿತು.

ಇವತ್ತು ಸಂದರ್ಶನ. ಕನ್ನಡನಾಡಿನಿಂದ ಬರುವ ಹೊಸ ವಿದ್ಯಾರ್ಥಿಗಳಿಗೆ ನೆರವಾಗಲು ಕಾಲೇಜಿನ ಕಚೇರಿಗೆ ಕನ್ನಡವೂ ಇಲ್ಲಿನ ಭಾಷೆಯೂ ಬಲ್ಲ ಒಬ್ಬರು ಬೇಕಿತ್ತು. ಕೆಲಸ ಸಿಕ್ಕೇಬಿಟ್ಟಿತೆಂದು ಮೇಷ್ಟ್ರು ಅಮ್ಮನಿಗೆ ಹೇಳಿ ಆಗಿತ್ತು. ಅಮ್ಮ ನೆಂಟರಿಗೆಲ್ಲ ಡಂಗುರ ಸಾರಿ ಆಗಿತ್ತು.

ಬೆಳಿಗ್ಗೆ ಎದ್ದಾಗಷ್ಟೇ ಹೊಳೆಯಿತು. ಇಲ್ಲಿನ ಭಾಷೆಯಲ್ಲಿ ‘ನಮಸ್ಕಾರ’ ಬಿಟ್ಟರೆ ಏನೂ ಬರದು! ಉದ್ದಣ್ಣ ಸ್ನಾನಕ್ಕೆ ಹೋಗಿದ್ದ. ಮೇಷ್ಟ್ರು ಅಡುಗೆಮನೆಗೆ ಓಡಿ, ಅಲ್ಲಿದ್ದ ಇಬ್ಬರಿಗೆ ಹರಕು ಇಂಗ್ಲಿಷಿನಲ್ಲಿ ಗೋಳು ಹೇಳಿಕೊಂಡರು.

“ಅಷ್ಟೇನಾ? ನಾನು ದಿನವಿಡೀ ಹೇಳೋ ಮಾತು ಕಲ್ಸ್ತೀನಿ. ಕೇಳಿದವರೆಲ್ಲ ಖುಷಿಯಾಗಿ ಹೋಗ್ತಾರೆ,” ಎಂದ, ಬಿಡುವಿನಲ್ಲಿ ಕ್ಷೌರದಂಗಡಿಯಲ್ಲಿ ದುಡಿಯುವ ಪಕ್ಕದ ಕೋಣೆಯವನು.

“ನನ್ನದೂ ಒಂದಿರಲಿ, ತುಂಬಾ ಮರ್ಯಾದೆಯ ಮಾತು,” ಎಂದಳು ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವವಳು.

ಅರ್ಥ ಕೇಳುವಷ್ಟು ವ್ಯವಧಾನ ಮೇಷ್ಟ್ರಿಗೆಲ್ಲಿ? ಎಲ್ಲ ಬಾಯಿಪಾಠ ಮಾಡಿ, ಧೈರ್ಯಕ್ಕೆ ಉದ್ದಣ್ಣನನ್ನೂ ಎಳೆದುಕೊಂಡು ಹೊರಟರು.

ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೋದರೆ, ಸಂದರ್ಶನಕ್ಕೆ ಕೂತಿದ್ದ ಕಚೇರಿಯ ಮೇಡಂ ಏನೋ ಕೇಳಿದರು. ಮೇಷ್ಟ್ರು ಮುಗುಳ್ನಕ್ಕು, ಇಲ್ಲಿನ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದರು: “ಬನ್ನಿ, ಕೂತ್ಕೊಳ್ಳಿ.”

ತಮ್ಮದೇ ಕುರ್ಚಿಯಲ್ಲಿ ಕೂತಿದ್ದ ಮೇಡಂ ಹುಬ್ಬೇರಿಸಿದರು.

“ತಲೆ ಸ್ವಲ್ಪ ಬಗ್ಗಿಸಿ. ಎಷ್ಟು ಕತ್ತರಿಸಲಿ?”

ಮೇಡಂ ಬಾಯಿ ತೆರೆದರು.

“ಇನ್ನೂ ದೊಡ್ಡದಾಗಿ ತೆರೀರಿ. ನೋವಾಗಲ್ಲ.”

ಬಾಗಿಲಲ್ಲಿದ್ದ ಉದ್ದಣ್ಣ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಮೇಜಿನ ಫೋನ್ ರಿಂಗಾಯಿತು. ಮೇಡಂ ಕೇಳಿ, ಏನೂ ತಿಳಿಯದೆ ಮೇಷ್ಟ್ರ ಕೈಗೆ ಕೊಟ್ಟರು.

“ಸಾರ್, ನನ್ನ ಪೆಟ್ಟಿಗೆ ಬಸ್ಸಲ್ಲೇ ಹೋಯ್ತು ಸಾರ್!” ಕನ್ನಡದ ಹುಡುಗಿಯೊಬ್ಬಳು ಅಳುತ್ತಿದ್ದಳು.

“ಅಳಬೇಡಮ್ಮಾ. ನಾನು ಬಂದಾಗ್ಲೂ ಹೀಗೇ ಆಗಿತ್ತು. ಅವತ್ತು ಏನಾಯ್ತು ಅಂದ್ರೆ...” ಮೇಷ್ಟ್ರು ತಮ್ಮ ಪೆಟ್ಟಿಗೆಯ ಪುರಾಣ ಶುರುವಿಟ್ಟರು.

ಉದ್ದಣ್ಣ ಒಳಬಂದು ಫೋನ್ ತೆಗೆದುಕೊಂಡ. “ಯಾವ ಬಸ್ಸಮ್ಮಾ? ಪೆಟ್ಟಿಗೆ ಯಾವ ಬಣ್ಣ? ಅಲ್ಲೇ ನಿಂತಿರು, ಗಾಬರಿ ಬೇಡ.” ತಿರುಗಿ ಮೇಡಂಗೆ ಅವರ ಭಾಷೆಯಲ್ಲಿ ಹೇಳಿದ. ಅವರು ಬಸ್ಸಿನವರಿಗೆ ಫೋನ್ ಮಾಡಿದರು. ಪೆಟ್ಟಿಗೆ ಸಿಕ್ಕಿತು.

ಮೇಡಂ ಉದ್ದಣ್ಣನನ್ನು ಏನೋ ಕೇಳಿದರು. ಅವನು ಮೇಷ್ಟ್ರ ಕಡೆ ಕೈ ತೋರಿಸಿದ. ಮೇಡಂ ಎದ್ದು ಬಂದು ಮೇಷ್ಟ್ರ ಕೈ ಕುಲುಕಿದರು. ಮೇಷ್ಟ್ರ ಎದೆ ಉಬ್ಬಿಹೋಯಿತು.

“ನೋಡಿದ್ಯಾ, ಕೆಲಸ ಸಿಕ್ತು!” ಎಂದರು ಹೊರಗೆ ಬಂದು.

“ಸಿಕ್ತು ಮೇಷ್ಟ್ರೇ. ಆದ್ರೆ ನನಗೆ.” ಉದ್ದಣ್ಣ ತಲೆ ತಗ್ಗಿಸಿದ. “ಕನ್ನಡ ಯಾರು ಕಲಿಸಿದ್ದು ಅಂತ ಕೇಳಿದ್ರು. ಅದಕ್ಕೇ ಕೈ ಕುಲುಕಿದ್ದು.”

ಮೇಷ್ಟ್ರಿಗೆ ದುಃಖ ಉಕ್ಕಿಬಂತು. ಅದೇ ಹೊತ್ತಿಗೆ ಅಮ್ಮನ ಫೋನ್. ಬದುಕಿನಲ್ಲಿ ಮೊದಲ ಬಾರಿ ಅವರ ಬಾಯಿಂದ ಮಾತೇ ಹೊರಡಲಿಲ್ಲ. ಫೋನನ್ನು ಉದ್ದಣ್ಣನ ಕೈಗೆ ತುರುಕಿದರು.

“ಅಮ್ಮಾ, ಕೆಲಸ ಸಿಕ್ತು. ನಾಳೆಯಿಂದ ಹೋಗ್ಬೇಕು. ನೀವು ಆರಾಮಾ? ಊಟ ಆಯ್ತಾ?” ಎಂದು ಕೇಳಿ, ಉದ್ದಣ್ಣ ಸುಮ್ಮನೆ ಕಿವಿಗೊಟ್ಟು ನಿಂತ.

ಆ ಕಡೆಯಿಂದ ಅಮ್ಮನ ದನಿ ಮೇಷ್ಟ್ರಿಗೂ ಕೇಳಿಸಿತು:

“ಅಯ್ಯೋ ನನ್ನ ಕಂದ! ಪರದೇಶಕ್ಕೆ ಹೋಗಿ ಎಷ್ಟು ಬದಲಾಗಿದ್ದೀಯೋ! ಇವತ್ತು ನೋಡು, ನನ್ನ ಮಾತಿಗೂ ಜಾಗ ಬಿಟ್ಟಿದ್ದೀಯ.”