ಮೂವತ್ತೆರಡಕ್ಕೆ ನನ್ನ ಸಹಿ

ಸಹಿ ಹಾಕುವುದರಲ್ಲಿ ನನ್ನಷ್ಟು ವೇಗ ಚಿಂತಾಮಣಿಯ ನಮ್ಮ ಕಚೇರಿಯಲ್ಲಿ ಇನ್ನೊಬ್ಬರಿಗಿಲ್ಲ. ಇದು ಹೆಮ್ಮೆಯೋ ತಪ್ಪೊಪ್ಪಿಗೆಯೋ ಎಂದು ಕೇಳಿದರೆ, ಹೋದ ತಿಂಗಳವರೆಗೂ ಹೆಮ್ಮೆಯಾಗಿತ್ತು. ಇಷ್ಟು ವರ್ಷ ಕಡತಗಳ ನಡುವೆ ಬದುಕಿದವನು ಕಾಗದವನ್ನು ಓದಬೇಕಾಗಿಲ್ಲ, ಮುಟ್ಟಿದರೆ ಸಾಕು ಎಂದು ನಂಬಿದ್ದೆ. ಒಮ್ಮೆ ಮನೆಯ ಸಾಮಾನಿನ ಚೀಟಿ ಹೇಗೋ ಕಡತದೊಳಗೆ ಸೇರಿ, ಅದಕ್ಕೂ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಮಾಡಿ ಮೇಲಧಿಕಾರಿಗಳಿಗೆ ಕಳಿಸಿದ್ದೆ. ಅವರೂ ಸಹಿ ಮಾಡಿ ವಾಪಸು ಕಳಿಸಿದರು. ಆ ತಿಂಗಳ ತೊಗರಿಬೇಳೆ ನಮ್ಮ ಮನೆಗೆ ಸರ್ಕಾರಿ ಮಂಜೂರಾತಿಯೊಂದಿಗೆ ಬಂತು.

ನನ್ನ ಹೆಂಡತಿ ಸುಮಿತ್ರಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಕೈವಾರದ ಹತ್ತಿರದ ತವರಿನ ತೋಟದ ಬಾವಿಯಲ್ಲಿ ಅಣ್ಣಂದಿರಿಗೆ ಪೈಪೋಟಿ ಕೊಟ್ಟು ಈಜು ಕಲಿತವಳು. ನಾನೋ ಬಕೆಟ್ಟಿಗಿಂತ ಆಳವಾದ ನೀರನ್ನು ದೂರದಿಂದಲೇ ಗೌರವಿಸುವವನು. ಕೆರೆ ತುಂಬಿದರೆ ಊರಿಗೂರೇ ನೋಡಲು ಹೋಗುವ ಈ ಸೀಮೆಯಿಂದ ಅವಳು ನಲವತ್ತೇಳನೇ ವಯಸ್ಸಿನಲ್ಲಿ ರಜೆ ಸಿಕ್ಕಾಗಲೆಲ್ಲ ಮುರ್ಡೇಶ್ವರಕ್ಕೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಕಲಿತಳು. ಈ ವರ್ಷ ನೈಟ್ರಾಕ್ಸ್ ಎಂಬ ಬೆರಕೆ ಗಾಳಿಯ ಪಾಠವನ್ನೂ ಮುಗಿಸಿದಳು. ಅದೇನೆಂದು ಮುದ್ದೆ ತೊಳಸುತ್ತಲೇ ನನಗೆ ವಿವರಿಸಿದಳು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ, ಮಿಕ್ಕಿದ್ದು ಹೆಚ್ಚುಕಮ್ಮಿ ಸಾರಜನಕ. ಆಮ್ಲಜನಕವನ್ನು ಮೂವತ್ತೆರಡಕ್ಕೆ ಏರಿಸಿದರೆ ಮೈಗೆ ಸೇರುವ ಸಾರಜನಕ ಕಡಿಮೆಯಾಗಿ, ನೀರಿನಡಿ ಹೆಚ್ಚು ಹೊತ್ತು ಇರಬಹುದು. ಆದರೆ ಪಾಲು ಹೆಚ್ಚಿದಷ್ಟೂ ಇಳಿಯುವ ಆಳ ಕಡಿಮೆಯಾಗಬೇಕು. ಮಿತಿ ಮೀರಿ ಇಳಿದರೆ ಅದೇ ಆಮ್ಲಜನಕ ವಿಷವಾಗಿ, ನೀರಿನಲ್ಲೇ ಫಿಟ್ಸ್ ಬರಬಹುದು. ಮುದ್ದೆಯಂತೆ ಎಲ್ಲವೂ ಹದದಲ್ಲಿದೆ ಎಂದಳು. ನಾನು ತಲೆಯಾಡಿಸಿದೆ, ತಲೆಯಾಡಿಸುವುದೂ ಒಂದು ಬಗೆಯ ಸಹಿಯೇ.

ಹೋದ ತಿಂಗಳು ನಾನೂ ಜೊತೆಗೆ ಹೋದೆ, ದಡದಲ್ಲಿ ಚಪ್ಪಲಿ ಕಾಯುವ ಹುದ್ದೆಗೆ. ಅಂದು ಅವಳು ಮೂವತ್ತಮೂರು ಮೀಟರ್ ಇಳಿಯುವವಳಿದ್ದಳು. ಅವಳು ಬಟ್ಟೆ ಬದಲಿಸಲು ಹೋದಾಗ ಅವಳ ಸಿಲಿಂಡರಿನ ಮೇಲೆ ಅಂಟಿಸಿದ್ದ ಪಟ್ಟಿ ಖಾಲಿ ಇರುವುದು ಕಂಡಿತು. ಪಾಲು, ಆಳ, ಸಹಿ ಎಂಬ ಮೂರು ಜಾಗ. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪಕ್ಕದಲ್ಲಿದ್ದ ಸಿಲಿಂಡರ್ ತುಂಬಿಸುವವರ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಮೂವತ್ತೆರಡು ಎಂದಿತ್ತು. ನಾನೂ ಮೂವತ್ತೆರಡು ಎಂದು ಬರೆದು, ಆಳವನ್ನೂ ತುಂಬಿ, ‘ಸುಮಿತ್ರಾ ಪರವಾಗಿ’ ಎಂದು ಸಹಿ ಜಡಿದೆ.

ಬಂದವಳು ನೋಡಿದಳು.

“ರೀ, ನೀವು ಅಳೆದ್ರಾ?”

“ರಿಜಿಸ್ಟರಲ್ಲಿ ಇತ್ತು ಕಣೇ.”

“ಉಸಿರಾಡೋದು ನಾನು, ರಿಜಿಸ್ಟರಲ್ಲ. ಯಾರು ಉಸಿರಾಡ್ತಾರೋ ಅವರೇ ಅಳೀಬೇಕು, ಅವರೇ ಸಹಿ ಮಾಡ್ಬೇಕು. ಅದು ಇಲ್ಲಿನ ನಿಯಮ.”

ಪಟ್ಟಿಯನ್ನು ಕಿತ್ತು ಹಾಕಿ, ಅಂಗೈಯಗಲದ ಒಂದು ಮಾಪಕವನ್ನು ಸಿಲಿಂಡರಿನ ಬಾಯಿಗೆ ಹಿಡಿದಳು. ಅಂಕಿ ಏರುತ್ತ ಹೋಗಿ ನಲವತ್ತಕ್ಕೆ ನಿಂತಿತು. ಮತ್ತೆ ಅಳೆದಳು, ಮತ್ತೆ ನಲವತ್ತು. ಕಡಿಮೆ ಆಳಕ್ಕೆ ಇಳಿಯುವ ಬೇರೆ ಯಾರಿಗೋ ತುಂಬಿಸಿಟ್ಟ ಸಿಲಿಂಡರ್ ಅದಾಗಿತ್ತು. ಇಪ್ಪತ್ತೈದು ಮೀಟರ್ ದಾಟುವಂತಿಲ್ಲದ ಆ ಗಾಳಿಯನ್ನು ಮೂವತ್ತಮೂರಕ್ಕೆ ನಾನು ಮಂಜೂರು ಮಾಡಿದ್ದೆ. ಮರಳಿನ ಮೇಲೆ ಕುಳಿತುಬಿಟ್ಟೆ. ಅವಳು ಬಯ್ಯಲಿಲ್ಲ. ಇನ್ನೊಂದು ಸಿಲಿಂಡರ್ ತರಿಸಿ, ಅಳೆದು, ಬರೆದು, ಸಹಿ ಮಾಡಿ, ಏನೂ ಆಗಿಲ್ಲವೆಂಬಂತೆ ದೋಣಿ ಹತ್ತಿದಳು. ಅವಳು ವಾಪಸು ಬಂದು ಕಡಲಾಮೆಯ ಸುದ್ದಿ ಹೇಳುವವರೆಗೂ ನಾನು ಅಲ್ಲಿಂದ ಏಳಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವಳನ್ನು ಸರಿಯಾಗಿ ನೋಡಿರಲಿಲ್ಲ, ಬರೀ ಸಹಿ ಮಾಡಿದ್ದೆ ಅನ್ನಿಸಿತು.

ಸೋಮವಾರ ಕಚೇರಿಯಲ್ಲಿ, ಇನ್ನು ಮೇಲೆ ಓದಿಯೇ ಸಹಿ ಎಂದು ನಿಶ್ಚಯಿಸಿ ಮೊದಲ ಕಾಗದ ಎತ್ತಿಕೊಂಡೆ. ನೌಕರರ ಕ್ರೀಡಾಕೂಟಕ್ಕೆ ನಮ್ಮ ಕಚೇರಿಯಿಂದ ಹೋಗಿದ್ದ ಪಟ್ಟಿ ಅಂಗೀಕಾರವಾಗಿ ಬಂದಿತ್ತು. ನೂರು ಮೀಟರ್ ಈಜು ಎಂಬುದರ ಮುಂದೆ ಯಾರೋ ಸೇರಿಸಿದ್ದ ನನ್ನ ಹೆಸರು, ಕೆಳಗೆ ‘ಪರಿಶೀಲಿಸಿದೆ’ ಎಂದು ನನ್ನದೇ ಅಕ್ಷರ, ನನ್ನದೇ ಸಹಿ. ಸಂಜೆ ಅದನ್ನು ಸುಮಿತ್ರಾಗೆ ತೋರಿಸಿ, ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಅವಳು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದಳು.

“ಸಹಿ ನಿಮ್ದೇ ಕಣ್ರೀ,” ಎಂದಳು. “ಭಾನುವಾರ ತೋಟದ ಬಾವಿಗೆ ಹೋಗಣ. ಟವೆಲ್ ಇಟ್ಕೊಳ್ಳಿ.”